ಖಾಲಿ ತೊಟ್ಟಿಲು ತೂಗಬಾರದು

ಡಿಸೆಂಬರ್ 3, ಬುಧವಾರ

ಮಾತಾಡುವಂತಿಲ್ಲ ಎಂದ ಮೇಲೆ ಬರೆಯದೆ ಇನ್ನೇನು ಮಾಡಲಿ! ಗಂಟಲಿನ ಆಪರೇಷನ್ ಆಗಿ ಎರಡು ದಿನವಾಯಿತು. ಒಳಗೆ ಗಂಟು ಬೆಳೆದಿತ್ತು. ಡಾಕ್ಟರು ಅದನ್ನು ತೆಗೆದು, ಫೋಟೋ ತೋರಿಸಿ, "ಇಪ್ಪತ್ತೈದು ವರ್ಷ ಒದರಿದ್ದಕ್ಕ ಇದು ನಿಮ್ಮ ಪೆನ್ಶನ್ ನೋಡ್ರಿ ಮೇಡಂ" ಎಂದರು. ನಗು ಬಂತು, ಆದರೆ ನಗುವಂತೆಯೂ ಇಲ್ಲ. ಪಿಸುಮಾತಾದರೂ ಆಡಬಹುದೇ ಎಂದು ಕೈಸನ್ನೆ ಮಾಡಿ ಕೇಳಿದೆ. ಅದು ಇನ್ನೂ ಕೆಟ್ಟದ್ದಂತೆ.

ಗಬ್ಬೂರಿನ ಹೈಸ್ಕೂಲಿನಲ್ಲಿ ನಾನು ಗಣಿತ ಹೇಳಿಕೊಟ್ಟರೆ ಊರಿನ ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತದೆ ಎಂದು ಹೆಸರು. ಬಸ್ಸಿಗೆ ಕಾಯುವ ಮುದುಕರಿಗೂ ಪೈಥಾಗೊರಸ್ ಪ್ರಮೇಯ ಬಾಯಿಪಾಠ ಎಂದು ಸ್ಟಾಫ್ ರೂಮಿನಲ್ಲಿ ಕಾಲೆಳೆಯುತ್ತಾರೆ. ಅಂಥ ಗಂಟಲಿಗೆ ಬಂದ ಗತಿ ನೋಡಿ. ಗಾಯ ಸರಿಯಾಗಿ ಮಾಯ್ದರೆ ಜನವರಿಯಲ್ಲಿ ತರಗತಿಗೆ ಹೋಗಬಹುದು. ಮಾಯದಿದ್ದರೆ ಪಾಠ ಮಾಡುವುದನ್ನು ಮರೆತು ಯಾವುದಾದರೂ ಆಫೀಸಿನಲ್ಲಿ ಫೈಲು ನೋಡುತ್ತ ಕೂರಬೇಕು. ಹೆಡ್‌ಮಾಸ್ಟರು ಮೆಸೇಜು ಕಳಿಸಿದ್ದಾರೆ: "ಆರಾಮ ಮಾಡ್ರಿ ಯಶೋದಾ ಮೇಡಂ, ಅವಸರ ಏನಿಲ್ಲ. ಹತ್ತನೇತ್ತಿ ಪರೀಕ್ಷಾ ಮಾರ್ಚಿನಾಗ ಅದ, ನೆನಪಿರ್ಲಿ." ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎಂದರೆ ಇದೇ.

ಇನ್ನು ಮನೆಯ ಸಂಗತಿ. ನನ್ನ ಗಂಡ ಹನುಮೇಶ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ದಿನವಿಡೀ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಊರಿಗೆಲ್ಲ ಹೇಳುವ ಮನುಷ್ಯ, ಮನೆಗೆ ಬಂದರೆ ಬಾಯಿಗೆ ಬೀಗ. ಮಾತೆಲ್ಲ ಅಲ್ಲೇ ಖರ್ಚಾಗುತ್ತದೆ ಎಂದು ನನ್ನ ಲೆಕ್ಕ. ಮದುವೆಯಾದಾಗಿನಿಂದ ಇಬ್ಬರ ಪಾಲಿನ ಮಾತನ್ನೂ ನಾನೇ ಆಡಿಕೊಂಡು ಬಂದಿದ್ದೇನೆ. ಈಗ ನಾನೂ ಸುಮ್ಮನಾದೆ, ಮನೆಯಲ್ಲಿ ಕುಕ್ಕರಿನದೇ ರಾಜ್ಯಭಾರ. ಇವರು ಇವತ್ತು ನನಗೊಂದು ಪಾಟಿ, ಒಂದು ಡಬ್ಬಿ ಬಳಪ ತಂದುಕೊಟ್ಟಿದ್ದಾರೆ. ಐವತ್ತರ ಹೊಸ್ತಿಲಲ್ಲಿ ಮತ್ತೆ ಒಂದನೇ ಇಯತ್ತೆ.

ಡಿಸೆಂಬರ್ 6, ಶನಿವಾರ

ಗಬ್ಬೂರಿಗಿಂತ ಮೊದಲು ಮಾನ್ವಿಯ ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತ ಮಿನಾಜ್ ಬಂದಿದ್ದಳು. ಅವಳಪ್ಪ ಇಮಾಮಹುಸೇನ ಅಲ್ಲಿ ಬಟ್ಟೆ ವ್ಯಾಪಾರಿ. ಮಗಳು ಮಾತ್ರ ಅಂಗಡಿ ಕಡೆ ತಿರುಗಿ ನೋಡದೆ ಹೈದರಾಬಾದಿಗೆ ಹೋಗಿ ಶಿಲ್ಪಕಲೆ ಕಲಿತು ಬಂದಿದ್ದಾಳೆ. ಒಳಗೆ ಕಾಲಿಡುತ್ತಿದ್ದಂತೆಯೇ, "ಟೀಚರ್ರಿ, ನೀವು ಮಾತಾಡಂಗಿಲ್ಲಂತ ಕೇಳಿದೆ. ನನಗ ಭಾಳ ಖುಷಿ ಆತ್ರಿ" ಎಂದಳು. ನಾನು ಪಾಟಿ ಎತ್ತಿ ಹೊಡೆಯಲು ಹೋದೆ.

ಅವಳ ಕಷ್ಟ ಇದು. ಇಲ್ಲಿನ ಕಲಾಸಂಘವೊಂದು ಗಂಜ್ ಮಾರುಕಟ್ಟೆ ಹತ್ತಿರದ ಹಳೆಯ ಹತ್ತಿ ಗೋದಾಮನ್ನು ಸಂಕ್ರಾಂತಿಯವರೆಗೆ ಅವಳ ಕೈಗೆ ಕೊಟ್ಟಿದೆ. ಅಲ್ಲಿ ಅವಳು ಒಂಬತ್ತು ತೊಟ್ಟಿಲು ತೂಗುಹಾಕಿದ್ದಾಳೆ. ಬಿದಿರಿನದು, ಬಣ್ಣದ ಕಟ್ಟಿಗೆಯದು, ಕಬ್ಬಿಣದ್ದು, ಹಳೆಯ ಸೀರೆಯ ಜೋಳಿಗೆ, ಒಂದೊಂದೂ ಒಂದೊಂದು ಥರ. ಪ್ರತಿ ತೊಟ್ಟಿಲ ಮೇಲೂ ಒಂದು ಯಂತ್ರದ ಕಣ್ಣು, ಒಂದು ಯಂತ್ರದ ಕಿವಿ. ಯಾರಾದರೂ ಹತ್ತಿರ ಬಂದು ನಿಂತರೆ ಕಣ್ಣಿಗೆ ತಿಳಿಯುತ್ತದೆ, ಮೋಟರು ತೊಟ್ಟಿಲನ್ನು ಮೆಲ್ಲಗೆ ತೂಗತೊಡಗುತ್ತದೆ. ಸದ್ದಾದರೆ ಕಿವಿಗೆ ತಿಳಿಯುತ್ತದೆ, ತೊಟ್ಟಿಲು ನಿಲ್ಲುತ್ತದೆ. ನೋಡುವವರು ಎಷ್ಟು ಹೊತ್ತು ಸುಮ್ಮನಿರುತ್ತಾರೋ ಅಷ್ಟು ಹೊತ್ತು ಅದು ತೂಗುತ್ತದೆ. ಕಾವಲಿಗಿದ್ದ ಶೇಖರ ಎಂಬ ಮನುಷ್ಯ ದಿನವೆಲ್ಲ ಫೋನಿನಲ್ಲಿ ಹರಟುತ್ತಿದ್ದನಂತೆ. ಒಂದು ತೊಟ್ಟಿಲೂ ಅಲುಗಾಡಲಿಲ್ಲ.

"ನೀವು ಸುಮ್ನ ಕುಂತ್ರ ಸಾಕ್ರಿ ಟೀಚರ್. ರಾಯಚೂರಾಗ ನನಗ ಮಾತಾಡದ ಮನುಷ್ಯಾರು ಬ್ಯಾರೆ ಯಾರೂ ಸಿಗವಲ್ರು."

ತೊಟ್ಟಿಲೊಳಗೆ ಏನಿಟ್ಟಿದ್ದೀ ಎಂದು ಬರೆದು ತೋರಿಸಿದೆ. "ಏನಿಲ್ರಿ, ಖಾಲಿನೇ" ಎಂದಳು. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಇದೇ ಮೇಲು ಎಂದು ಒಪ್ಪಿಕೊಂಡೆ.

ಡಿಸೆಂಬರ್ 9, ಮಂಗಳವಾರ

ಎರಡು ದಿನದಿಂದ ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ನಾನು ಅಂದುಕೊಂಡಂತೆ ಯಾರೂ ನೋಡುತ್ತಿಲ್ಲ. ಗಂಡಸರು ಕೈ ಹಿಂದೆ ಕಟ್ಟಿಕೊಂಡು ಬರುತ್ತಾರೆ, ತೊಟ್ಟಿಲು ತಾನೇ ತೂಗಿದ್ದು ಕಂಡು "ಕರೆಂಟಿಂದು" ಎನ್ನುತ್ತಾರೆ. ಎಂದ ಕೂಡಲೇ ಅದು ನಿಲ್ಲುತ್ತದೆ. "ಕೆಟ್ಟಿತು" ಎಂದು ಹೊರಟುಹೋಗುತ್ತಾರೆ.

ಹೆಂಗಸರದು ಇನ್ನೊಂದು ಕಥೆ. ಗಂಜಿಗೆ ಬಂದವರು, ಸಂತೆ ಚೀಲ ಹಿಡಿದವರು, ನಾಲ್ಕಾರು ಮಂದಿ ಕೂಡಿ ಒಳಗೆ ಬಂದರು. ಮೊದಲನೆಯ ತೊಟ್ಟಿಲು ತೂಗತೊಡಗಿದ್ದೇ ತಡ, ದೇವಸುಗೂರಿನ ಗೋಪಮ್ಮ ಎಂಬ ಹಿರಿಯಾಕೆ ಚೀಲ ಕೆಳಗೆ ಹಾಕಿ ಓಡಿಬಂದು ಅದನ್ನು ಎರಡೂ ಕೈಯಿಂದ ಹಿಡಿದು ನಿಲ್ಲಿಸಿದಳು. "ಯವ್ವಾ, ಖಾಲಿ ತೊಟ್ಲ ತೂಗಬಾರ್ದು! ಕೂಸಿಗೆ ಹೊಟ್ಟಿಬ್ಯಾನಿ ಬರ್ತದ! ಹಿಡೀರೇ, ಹಿಡೀರಿ!" ಎಂದು ಉಳಿದವರನ್ನೂ ಕರೆದಳು. ಎಲ್ಲರೂ ಒಂದೊಂದು ತೊಟ್ಟಿಲು ಹಿಡಿದು ನಿಂತರು. ಕೂಗು ನಿಂತ ಕೂಡಲೇ ಮೋಟರುಗಳು ಗುಂಯ್‌ಗುಡತೊಡಗಿದವು. ಮಿನಾಜ್ ಹೌಹಾರಿ ಮೇನ್ ಸ್ವಿಚ್ ಆರಿಸಿದಳು. ಒಂದು ಮೋಟರು ಸುಟ್ಟಿದೆ.

"ಇದು ಕಲಾರಿ, ಇದಕ್ಕೇನಾಗಂಗಿಲ್ಲ" ಎಂದು ಮಿನಾಜ್ ಹೇಳಿ ನೋಡಿದಳು. ಗೋಪಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, "ಕಲಾಕ್ಕ ಆಗಂಗಿಲ್ಲವ್ವಾ, ಕೂಸಿಗೆ ಆಗ್ತದ" ಎಂದಳು. ಯಾವ ಕೂಸು ಎಂದು ಕೇಳಲು ನನಗೆ ನಾಲಿಗೆ ತುರಿಸಿತು. ತುಟಿ ಕಚ್ಚಿಕೊಂಡು ಕೂತೆ.

ಸಂಜೆ ಇದನ್ನೆಲ್ಲ ಪಾಟಿಯ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು ಇವರಿಗೆ ತೋರಿಸಿದೆ. ಮೋಟರು ಹಚ್ಚಿದ ತೊಟ್ಟಿಲಿಗೂ ದೋಷವಂತೆ, ಯಾರಿಗೆ ನಗು ಬರುವುದಿಲ್ಲ? ಇವರಿಗೆ ಬರಲಿಲ್ಲ. ಓದಿ, ಪಾಟಿ ಕೆಳಗಿಟ್ಟು, ಕಾಲು ತೊಳೆಯಲು ಎದ್ದು ಹೋದರು. ದಣಿದಿರಬೇಕು.

ಡಿಸೆಂಬರ್ 12, ಶುಕ್ರವಾರ

ಇವತ್ತು ಮನಸ್ಸು ಕಹಿಯಾಗಿದೆ, ಬರೆದರಾದರೂ ಹೋಗಲಿ.

ಗೋಪಮ್ಮ ಮತ್ತೆ ಬಂದಿದ್ದಳು. ನನ್ನ ಮುಂದೆ ನಿಂತು, "ನಿಮಗೆಷ್ಟು ಮಕ್ಳವ್ವಾ?" ಎಂದಳು. ಇಲ್ಲ ಎಂದು ಕೈಯಾಡಿಸಿದೆ. ಅವಳು ಜೊತೆಗಿದ್ದವಳ ಕಡೆ ತಿರುಗಿ, "ಅದಕ್ಕ ನೋಡು, ಖಾಲಿ ತೊಟ್ಲ ಕಾಯಾಕ ಕುಂದ್ರಿಸ್ಯಾರ" ಎಂದಳು.

ಧ್ವನಿ ಇದ್ದಿದ್ದರೆ ಗಂಜಿನ ಜನವೆಲ್ಲ ಕೂಡುವಂತೆ ಅವಳ ನೀರಿಳಿಸುತ್ತಿದ್ದೆ. ಅಂಥ ಮಾತಿಗೆ ಉತ್ತರ ಕೊಟ್ಟು ಕೊಟ್ಟು ನನಗೆ ಅಭ್ಯಾಸವಿದೆ. ಹದಿನೆಂಟು ವರ್ಷದ ಹಿಂದೆ ಏಳನೇ ತಿಂಗಳಲ್ಲಿ ಹೋಯಿತು, ಮತ್ತೆ ಆಗಲಿಲ್ಲ. ಇದನ್ನು ನಾನು ಮುಚ್ಚಿಟ್ಟವಳೇ ಅಲ್ಲ. ಕೇಳಿದವರಿಗೆ, ಕೇಳದವರಿಗೆ, ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಗಟ್ಟಿಯಾಗಿ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದೆ. ಹೇಳಿದ ಮೇಲೆ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಇವರೊಬ್ಬರೇ ಅದರ ಬಗ್ಗೆ ಇಂದಿಗೂ ಒಂದು ಮಾತಾಡಿಲ್ಲ. ಗಂಡಸರಿಗೆ ಅದು ಅಷ್ಟು ತಟ್ಟುವುದಿಲ್ಲ.

ಇವತ್ತು ಹೇಳಲಾಗಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಮಾತ್ರ ನಿಜ. ಗೋಪಮ್ಮ ಜೊತೆಯವಳನ್ನು ಮುಂದೆ ಕಳಿಸಿ, ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. "ನಂದೂ ಎರಡು ಹೋದ್ವವ್ವಾ, ಒಂದು ಹೊಟ್ಯಾಗ, ಒಂದು ತೊಟ್ಲಾಗ" ಎಂದಳು. ತೊಟ್ಟಿಲಲ್ಲಿ ಹೋದದ್ದರ ಹೆಸರು ಹೇಳಿದಳು. ಮಧ್ಯಾಹ್ನದವರೆಗೆ ಕೂತಿದ್ದಳು. ಬೈದಿದ್ದರೆ ಎದ್ದು ಹೋಗುತ್ತಿದ್ದಳೋ ಏನೋ.

ರಾತ್ರಿ ಊಟಕ್ಕೆ ಕೂತಾಗ ನಾನು ಪಾಟಿ ಮುಟ್ಟಲಿಲ್ಲ. ರೊಟ್ಟಿ ಮುರಿಯುತ್ತಿದ್ದ ಇವರು ಇದ್ದಕ್ಕಿದ್ದಂತೆ, "ಇವತ್ತು ಮಾನ್ವಿ ಬಸ್ಸಿನಾಗ ಒಬ್ಬಾಂವ ಕೋಳಿಗೆ ಟಿಕೀಟ್ ತಗಸ್ಯಾನ, ಸೀಟ್ ಮ್ಯಾಲ ಕುಂದ್ರಸ್ತೀನಿ ಅಂತ ಜಗಳಾ" ಎಂದರು. ಕಂಡಕ್ಟರು ಏನೆಂದ, ಕೋಳಿ ಏನು ಮಾಡಿತು, ಎಲ್ಲ ಹೇಳಿದರು. ಇಷ್ಟುದ್ದ ಮಾತು ಇವರ ಬಾಯಲ್ಲಿ ನಾನು ಕೇಳಿದ ನೆನಪಿಲ್ಲ.

ಡಿಸೆಂಬರ್ 13, ಶನಿವಾರ

ಗೋಪಮ್ಮ ಬಸ್ಸು ಹತ್ತಿ ಗುಂಡುಕಲ್ಲು ಹೊತ್ತು ತಂದಿದ್ದಾಳೆ! ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುತ್ತಾರಲ್ಲ, ಆ ಥರದ ಅರೆಯುವ ಗುಂಡು. ಅದಕ್ಕೆ ಕುಂಚಿಗೆ ಕಟ್ಟಿ, ಕಾಡಿಗೆ ಹಚ್ಚಿ, ಮೊದಲನೆಯ ತೊಟ್ಟಿಲಲ್ಲಿ ಮಲಗಿಸಿ, "ಈಗ ತೂಗ್ರಿ ಬೇಕಾದಷ್ಟು" ಎಂದಳು. ಅವಳನ್ನು ನೋಡಿ ಉಳಿದವರೂ ಶುರುಮಾಡಿದರು. ಒಬ್ಬಳು ಹತ್ತಿಯ ಗಂಟು ಇಟ್ಟಳು, ಒಬ್ಬಳು ಸಂತೆಯ ಕುಂಬಳಕಾಯಿ, ಇನ್ನೊಬ್ಬಳು ತನ್ನ ಮಗನ ಶಾಲೆಯ ಚೀಲ.

ಮಿನಾಜ್ ತಲೆ ಹಿಡಿದು ನೆಲದ ಮೇಲೆ ಕೂತಳು. "ಖಾಲಿ ಇರೋದೇ ಅದರ ಅರ್ಥರಿ ಟೀಚರ್. ಎರಡು ವರ್ಷ ಕುಂತು ಮಾಡೀನಿ." ನಾನು 'ಎಲ್ಲ ತೆಗೆದು ಹಾಕು, ಮೂಢನಂಬಿಕೆ' ಎಂದು ಬರೆದು ತೋರಿಸಿದೆ. ಅವಳು ತೆಗೆಯಲಿಲ್ಲ. ಮಾನ್ವಿಗೆ ಫೋನ್ ಹಚ್ಚಿ ತಾಯಿ ಬಿಸ್ಮಿಲ್ಲಾ ಬೀಯ ಮುಂದೆ ಅತ್ತುಕೊಂಡಳು. ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸಿತು: "ಖಾಲಿ ಝೂಲಾ ನಕ್ಕೋ ಹಲಾ ಬೋಲ್ಕೆ ಬೋಲೀ ಥೀ ನಾ ಮೈಂ!" ಖಾಲಿ ತೊಟ್ಟಿಲು ತೂಗಬೇಡ ಎಂದು ಮೊದಲೇ ಹೇಳಿದ್ದಳಂತೆ. ಅಲ್ಲಿಗೆ ಎರಡೂ ಜಾತಿಯ ತೀರ್ಪು ಒಂದೇ ಆಯಿತು.

ಮಿನಾಜ್ ಮುಖ ಒರೆಸಿಕೊಂಡು ಎದ್ದು, ಕುಂಬಳಕಾಯಿಯನ್ನು ಎತ್ತಿ ತೂಕ ನೋಡಿದಳು. ಸಂಜೆಯವರೆಗೆ ಕೂತು ಎಲ್ಲ ತೊಟ್ಟಿಲುಗಳ ಸ್ಪ್ರಿಂಗು ಬದಲಿಸಿ ಬಿಗಿ ಮಾಡಿದಳು. ಭಾರ ಬಿದ್ದ ಮೇಲೆ ತೊಟ್ಟಿಲುಗಳು ನಿಧಾನವಾಗಿ, ದೂರದವರೆಗೆ ತೂಗುತ್ತಿವೆ. ಮೊದಲಿಗಿಂತ ಚೆನ್ನಾಗಿದೆ ಎಂದು ನನಗನಿಸಿತು. ಅವಳಿಗೆ ಹೇಳಲಿಲ್ಲ, ಅವಳೇ ನೋಡುತ್ತಿದ್ದಳು.

ಡಿಸೆಂಬರ್ 16, ಮಂಗಳವಾರ

ಡಾಕ್ಟರು ನೋಡಿದರು. ಗಾಯ ಇನ್ನೂ ಮಾಯ್ದಿಲ್ಲ. ಬೆಳಿಗ್ಗೆ ಸಂಜೆ ಸ್ವಲ್ಪ ಹೊತ್ತು ತುಟಿ ಮುಚ್ಚಿ 'ಹೂಂ' ಎನ್ನಬೇಕು, ಅಷ್ಟೇ. ಮಾತು ಬೇಡ. ಜನವರಿಯಲ್ಲಿ ಮತ್ತೆ ನೋಡಿ ಹೇಳುತ್ತಾರಂತೆ.

ಆಫೀಸು, ಫೈಲು. ಅಳು ಬರುತ್ತಿದೆ.

ಸ್ಕೂಟರಿನ ಮೇಲೆ ಬರುವಾಗ ಇವರು ದಾರಿಯುದ್ದಕ್ಕೂ ಏನೇನೋ ಹೇಳುತ್ತಿದ್ದರು. ಗಾಳಿಗೆ ಅರ್ಧ ಕೇಳಿಸಲಿಲ್ಲ. ಹಿಂದೆ ಕೂತು ಬೆನ್ನಿಗೆ ಕಿವಿ ಹಚ್ಚಿದೆ.

ಡಿಸೆಂಬರ್ 21, ಭಾನುವಾರ

ಇವತ್ತಿನ ಗಮ್ಮತ್ತು ಬರೆಯದಿದ್ದರೆ ನಿದ್ದೆ ಬಾರದು.

ಗೋದಾಮಿಗೆ ಈಗ ಹೆಂಗಸರ ದಂಡೇ ಬರುತ್ತಿದೆ. ಗುಂಜಹಳ್ಳಿಯ ಒಬ್ಬ ಬಾಣಂತಿ, ಬೆನ್ನಿಗೆ ಅತ್ತೆ, ಕಂಕುಳಲ್ಲಿ ಐದಾರು ತಿಂಗಳ ಕೂಸು. ಜೋಳಿಗೆಯೊಳಗಿನ ಚೀಲವನ್ನು ಪಕ್ಕಕ್ಕಿಟ್ಟು, ಯಾರನ್ನೂ ಕೇಳದೆ ಕೂಸನ್ನೇ ಮಲಗಿಸಿಬಿಟ್ಟಳು. ಮಿನಾಜ್ "ಬ್ಯಾಡ್ರಿ ಅಕ್ಕಾ, ಮೋಟರ್ ಅದ, ಮೋಟರ್ ಅದ" ಎಂದು ಓಡಿಬಂದು ಜೋಳಿಗೆಯ ಕೆಳಗೆ ಎರಡೂ ಕೈ ಒಡ್ಡಿ ನಿಂತಳು. ಅವಳ ಕೂಗು ನಿಲ್ಲುತ್ತಿದ್ದಂತೆ ಜೋಳಿಗೆ ತೂಗತೊಡಗಿತು. ಕೂಸು ಕಣ್ಣರಳಿಸಿ ಮೇಲೆ ನೋಡಿತು. ಅಲ್ಲಿದ್ದ ಅಷ್ಟೂ ಜನ ತಾವಾಗಿಯೇ ಬಾಯಿ ಮುಚ್ಚಿದರು. ಒಬ್ಬಳು ಬಳೆಯ ಸದ್ದಾಗಬಾರದೆಂದು ಮೊಣಕೈ ಹಿಡಿದುಕೊಂಡಳು. ಹೊರಗೆ ಹತ್ತಿ ಗಾಡಿಗಳ ಸದ್ದು, ಒಳಗೆ ಹಗ್ಗದ ಕಿರುಗುಟ್ಟುವಿಕೆ ಮಾತ್ರ.

ಆಮೇಲೆ ಕೂಸು ಅತ್ತಿತು. ಅತ್ತ ಕೂಡಲೇ ಜೋಳಿಗೆ ನಿಂತಿತು. ನಿಂತಿದ್ದಕ್ಕೆ ಕೂಸು ಇನ್ನೂ ಜೋರಾಗಿ ಅತ್ತಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ಸುಮ್ಮನಿದ್ರ ತೂಗ್ತದ, ಅತ್ರ ನಿಂದರ್ತದ! ಇದೆಂಥಾ ತೊಟ್ಲ ಮಾಡೀಯೇ ಯವ್ವಾ, ಯಾವಾಕಿ ಕಲಿಸ್ಯಾಳ ನಿನಗ?" ಎಂದಳು. ಮಿನಾಜ್ ನನ್ನ ಕಡೆ ಬೆರಳು ತೋರಿಸಿದಳು. ಗೋದಾಮೆಲ್ಲ ನಕ್ಕಿತು. ಎಲ್ಲ ತೊಟ್ಟಿಲುಗಳೂ ನಿಂತವು. ತಾಯಿ ಕೈಯಿಂದಲೇ ತೂಗಿ ಕೂಸನ್ನು ಸಮಾಧಾನ ಮಾಡಿದಳು.

ನಾನು ಶಬ್ದವಿಲ್ಲದೆ ನಗುವುದನ್ನು ಕಲಿತಿದ್ದೇನೆ. ಹೊಟ್ಟೆ ಹುಣ್ಣಾಗುತ್ತದೆ, ಗಂಟಲಿಗೇನೂ ಆಗುವುದಿಲ್ಲ.

ಡಿಸೆಂಬರ್ 27, ಶನಿವಾರ

ಇವರಿಗೆ ವಾರದ ರಜೆ. ನೋಡಿಕೊಂಡು ಬರುತ್ತೇನೆ ಎಂದು ಗೋದಾಮಿಗೆ ತಾವೇ ಬಂದರು. ಮಧ್ಯಾಹ್ನ, ಜನ ಇರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಗುಂಡುಕಲ್ಲು, ಕುಂಬಳಕಾಯಿ, ಎಲ್ಲದರ ಮುಂದೆ ಒಂದೊಂದು ಗಳಿಗೆ ನಿಂತರು. ಕೊನೆಯಲ್ಲಿ ಬಣ್ಣದ ಕಟ್ಟಿಗೆಯ ತೊಟ್ಟಿಲು. ಅದರಲ್ಲಿ ಇನ್ನೂ ಯಾರೂ ಏನೂ ಇಟ್ಟಿರಲಿಲ್ಲ. ಅದರ ಮುಂದೆ ಇವರು ನಿಂತರು, ಅದು ತೂಗಿತು. ಇವರು ಮೊದಲೇ ಮಾತಿಲ್ಲದವರು, ಆದ್ದರಿಂದ ಅದು ನಿಲ್ಲಲೇ ಇಲ್ಲ. ಮಿನಾಜ್ ನನ್ನ ಕಿವಿಯಲ್ಲಿ, "ಇಷ್ಟೊತ್ತು ಯಾರೂ ನಿಂತಿಲ್ರಿ" ಎಂದಳು.

ಆಮೇಲೆ ಇವರು ತಮ್ಮ ಟವೆಲ್ಲು ಮಡಚಿ ಅದರೊಳಗಿಟ್ಟು ಹೊರಗೆ ಬಂದರು. ಮುಖ ಬಾಡಿತ್ತು. ಪಾಟಿಯಲ್ಲಿ 'ಏನಾಯಿತು' ಎಂದು ಬರೆಯಲು ಬಳಪ ತೆಗೆದೆ. ಏಕೋ 'ಚಹಾ?' ಎಂದು ಬರೆದೆ. ಬೇಡ ಎಂದು ತಲೆಯಾಡಿಸಿ ಹೋದರು.

ಜನವರಿ 3, ಶನಿವಾರ

ಪಾಟಿ ಎಲ್ಲೋ ಹೋಗಿದೆ. ಎರಡು ದಿನದಿಂದ ಕಂಡಿಲ್ಲ. ಹುಡುಕಬೇಕು.

ರಾತ್ರಿಯ ಊಟ ಈಗೀಗ ಬಹಳ ತಡವಾಗುತ್ತಿದೆ, ಇವರ ಮಾತು ಮುಗಿಯುವುದೇ ಇಲ್ಲ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕುರಿ ಕಾಯಲು ಹೋಗುತ್ತಿದ್ದರಂತೆ. ಕುರಿಗಳ ಜೊತೆ ಮಲಗಿದರೆ ಚಳಿ ಗೊತ್ತಾಗುವುದಿಲ್ಲವಂತೆ. ಒಂದು ಕುರಿಗೆ ಇವರ ದನಿ ಬಿಟ್ಟರೆ ಬೇರೆಯವರ ದನಿ ತಿಳಿಯುತ್ತಿರಲಿಲ್ಲವಂತೆ, ಅದರ ಹೆಸರು ಬಂಗಾರಿ. ಇಷ್ಟು ವರ್ಷ ಜೊತೆಗಿದ್ದೂ ಬಂಗಾರಿಯ ಸುದ್ದಿ ನನಗೆ ಗೊತ್ತಿರಲಿಲ್ಲ. ಮೊನ್ನೆ ಕೇಳಿದ್ದನ್ನೇ ಮತ್ತೊಮ್ಮೆ ಹೇಳಿದರು. ಸುಮ್ಮನೆ ಕೇಳಿದೆ, ಎರಡನೇ ಸಲ ಇನ್ನೂ ಚೆನ್ನಾಗಿತ್ತು.

ಗಂಟಲು ಹೇಗಿದೆಯೋ ತಿಳಿಯುತ್ತಿಲ್ಲ. 'ಹೂಂ' ಎನ್ನುವಾಗ ನೋವಿಲ್ಲ.

ಜನವರಿ 7, ಬುಧವಾರ

ನನ್ನ ಗಬ್ಬೂರಿನ ಮಕ್ಕಳು ಪ್ರವಾಸದ ನೆಪದಲ್ಲಿ ಗೋದಾಮಿಗೆ ಬಂದಿದ್ದರು. ಟೀಚರ್ ಬಾಯಿ ಬಿಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವುಗಳ ಧೈರ್ಯ ನೋಡಬೇಕಿತ್ತು. ಕುರ್ಚಿಯ ಸುತ್ತ ಕೂತು ಒಬ್ಬೊಬ್ಬರೇ ಮನೆಯ ಸುದ್ದಿ, ಶಾಲೆಯ ಸುದ್ದಿ ಎಲ್ಲ ಒಪ್ಪಿಸಿದರು. ನಿಂಗರಾಜ ಎಂಬ ಮಹಾ ತುಂಟ ತನಗೆ ಲೆಕ್ಕ ಎಂದರೆ ಹೆದರಿಕೆ ಎಂದು ಇವತ್ತು ಮೊದಲ ಸಲ ಹೇಳಿದ. ನನ್ನ ಜಾಗದಲ್ಲಿ ಬಂದಿರುವ ಅತಿಥಿ ಶಿಕ್ಷಕಿ ಹೇಗೆ ಪಾಠ ಮಾಡುತ್ತಾಳೆ ಎಂದು ಸನ್ನೆಯಲ್ಲಿ ಕೇಳಿದೆ.

"ಕೇಳಸಂಗಿಲ್ರಿ ಟೀಚರ್. ಆದ್ರ ತಿಳೀತದ್ರಿ" ಎಂದರು ಎಲ್ಲರೂ.

ಕುಟುಕಿದಂತಾಯಿತು. ನಾನು ಹೋಗಬೇಕು. ಆ ಮಕ್ಕಳ ಮುಂದೆ ನಿಲ್ಲದೆ ನನಗೆ ಬೇರೆ ಬದುಕು ಗೊತ್ತಿಲ್ಲ. ನಿಂಗರಾಜನಿಗೆ ಬೀಜಗಣಿತವನ್ನು ಮೊದಲಿನಿಂದ ಶುರುಮಾಡಬೇಕು, ಪಕ್ಕದಲ್ಲಿ ಕೂಡಿಸಿಕೊಂಡು.

ಜನವರಿ 12, ಸೋಮವಾರ

ಗೆದ್ದೆ.

ಇವರಿಗೆ ಡ್ಯೂಟಿ ಇದ್ದದ್ದರಿಂದ ಮಿನಾಜ್ ಜೊತೆ ಆಸ್ಪತ್ರೆಗೆ ಹೋದೆ. ಡಾಕ್ಟರು ಕೊಳವೆ ಹಾಕಿ ನೋಡಿ, "ಮಾಯ್ದದ. ನಿಮ್ಮ ಹೆಸರು ಹೇಳ್ರಿ ನೋಡೂನು" ಎಂದರು. "ಯಶೋದಾ" ಎಂದೆ. ಯಾರೋ ಬೇರೆ ಹೆಂಗಸು ಹೇಳಿದಂತೆ ಕೇಳಿಸಿತು, ಸ್ವಲ್ಪ ಒಡಕು, ಸ್ವಲ್ಪ ದಪ್ಪ. ಮಿನಾಜ್ ಚಪ್ಪಾಳೆ ತಟ್ಟಿದಳು. ಮುಂದಿನ ವಾರ ಶಾಲೆಗೆ ಹೋಗಬಹುದು. ಕೊರಳಿಗೆ ಸಣ್ಣ ಮೈಕು ಹಾಕಿಕೊಳ್ಳಬೇಕು, ಒದರಬಾರದು, ಮೊದಲ ಕೆಲವು ದಿನ ಎಷ್ಟು ಬೇಕೋ ಅಷ್ಟೇ ಮಾತು. ಫೈಲೂ ಇಲ್ಲ, ಆಫೀಸೂ ಇಲ್ಲ! ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ, ಶಬ್ದ ಮಾಡಿಯೇ ಅತ್ತೆ. ಗುರುವಾರ ಸಂಕ್ರಾಂತಿ. ಅದು ಮುಗಿದ ಮೇಲೆ ತೊಟ್ಟಿಲುಗಳು ಮಾನ್ವಿಗೆ ಹೋಗುತ್ತವೆ. ಗುಂಡುಕಲ್ಲನ್ನೂ ಮಿನಾಜ್ ಒಯ್ಯುತ್ತಾಳಂತೆ, ಗೋಪಮ್ಮನ ಒಪ್ಪಿಗೆ ಸಿಕ್ಕಿದೆ.

ಇವರಿಗೆ ಫೋನಿನಲ್ಲಿ ತಿಳಿಸಬೇಡ ಎಂದು ಮಿನಾಜ್‌ಗೆ ಹೇಳಿದ್ದೆ. ಇವರು ಮನೆಗೆ ಬಂದು ಬಾಗಿಲು ತೆಗೆದ ಕೂಡಲೇ "ರೀ" ಎಂದು ಕರೆದು ಬೆಚ್ಚಿಬೀಳಿಸಬೇಕೆಂದು ನನ್ನ ಯೋಜನೆ. ಆಟೋದಲ್ಲಿ ಒಂದೆರಡು ಸಲ ಅಂದುನೋಡಿದೆ. ಆಟೋದವನು ತಿರುಗಿ ನೋಡಿದ.

ಸಂಜೆ ಇವರು ಬಂದರು. ನಾನು ಬಾಯಿ ತೆರೆಯುವುದರೊಳಗೆ ಇವರೇ ಶುರುಮಾಡಿದರು. "ಇವತ್ತು ದೇವದುರ್ಗ ಬಸ್ಸಿನ ಮ್ಯಾಲ ಯಾರೋ ತೊಟ್ಲ ಹಾಕ್ಕೊಂಡು ಬಂದಿದ್ರು" ಎಂದು ಹೇಳಿ, ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ನಿಂತರು. ಇವರು ಹೇಳಿದ ಮೇಲೆ ನನ್ನದು ಹೇಳಿದರಾಯಿತು ಎಂದು ತಡೆದೆ. ಆಸ್ಪತ್ರೆಯದನ್ನು ಕೇಳಲು ಕೂಡ ಇವರಿಗೆ ನೆನಪಿರಲಿಲ್ಲ. ಒಳಗೆ ಬಂದು ನೆಲದ ಮೇಲೆ ಕೂತರು. ನಾನೂ ಎದುರಿಗೆ ಕೂತೆ.

"ನಿನಗ ಒಂದು ಮಾತು ಹೇಳಿಲ್ಲ ಯಶೋದಾ. ಆವಾಗ ನಿನಗ ಏಳು ತಿಂಗಳು. ತೊಟ್ಲ ತವರುಮನಿಂದ ಬರಬೇಕು, ಅದೂ ಕೂಸು ಹುಟ್ಟಿದ ಮ್ಯಾಲ. ನನಗ ತಡೀಲಿಲ್ಲ. ದೇವದುರ್ಗದಾಗ ಬಡಿಗ್ಯಾರ ಕಡಿ ನಾನೇ ಮಾಡಿಸಿದೆ, ಯಾರಿಗೂ ಹೇಳಲಾರದ. ಕೆಂಪು ಹಸುರು ಬಣ್ಣ ಹಚ್ಚಿ ಕೊಟ್ಟಿದ್ದ. ಬಸ್ಸಿನ ಮ್ಯಾಲ ಏರಿಸಿದ್ವಿ. ಬಿಗಿಯಾಗಿ ಕಟ್ಟಿದ್ದಿಲ್ಲ. ರಸ್ತಾ ತುಂಬಾ ತಗ್ಗು. ಅದು ಮ್ಯಾಲ ತೂಗೋದು ಒಳಗ ಕುಂತ ನನಗ ಕೇಳಸ್ತಿತ್ತು, ಗಡಕ್ ಗಡಕ್ ಅಂತ. ಖಾಲಿ ತೊಟ್ಲ. ಗಬ್ಬೂರಿಗೆ ಬರೋದ್ರಾಗ ತಮ್ಮನ ಫೋನ್ ಬಂತು, ನಿನ್ನ ದವಾಖಾನಿಗೆ ಸೇರಿಸ್ಯಾರ ಅಂತ. ಅದನ್ನ ಮನಿ ತನಕ ಒಯ್ಯಬಾರ್ದು ಅನ್ನಿಸ್ತು. ಅಲ್ಲೇ ಇಳಿಸಿದೆ. ಸ್ಟ್ಯಾಂಡಿನಾಗ ಒಬ್ಬಾಕಿ ಎಳೀ ಕೂಸು ಎತ್ಗೊಂಡು ನಿಂತಿದ್ಲು, ಅದೇ ಊರಾಕಿ. ತಗೋಳವ್ವಾ ಅಂತ ಕೊಟ್ಟೆ. ಕೊಟ್ಟು ಬಂದ್ರೂ ಆಗೋದು ಆಗಿಹೋಗಿತ್ತು."

ಇವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ನನ್ನಿಂದ ಆತು ಅಂತ ಇವತ್ತಿಗೂ ಅನ್ನಸ್ತದ. ಹೇಳಬೇಕಂತ ಭಾಳ ಸಲ ಮಾಡಿದ್ದೆ. ಆವಾಗ ನೀ ಭಾಳ ಮಾತಾಡ್ತಿದ್ದಿ. ನಡುವ ಸಂದಿ ಸಿಗಲಿಲ್ಲ. ಆಮ್ಯಾಲ ಹಂಗ ಉಳೀತು."

ಇಂಥದ್ದಕ್ಕೆ ನನ್ನಲ್ಲಿ ಒಂದು ಭಾಷಣವೇ ಇದೆ. ಪ್ರತಿ ವರ್ಷ ವಿಜ್ಞಾನ ದಿನಾಚರಣೆಗೆ ಮಾಡುತ್ತೇನೆ: ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ಮೊದಲ ಸಾಲು ನಾಲಿಗೆಯ ತುದಿಯಲ್ಲೇ ಇತ್ತು, ಗಂಟಲೂ ಸಿದ್ಧವಾಗಿತ್ತು. ಆದರೆ ಡಾಕ್ಟರು ಜಾಸ್ತಿ ಮಾತು ಬೇಡ ಎಂದಿದ್ದಾರೆ. ಅದಕ್ಕೇ ಇರಬೇಕು, ಬಾಯಿಗೆ ಬೇರೆಯದೇ ಬಂತು.

"ಆಕಿ ಎತ್ಗೊಂಡಿದ್ದ ಕೂಸು ಹೆಣ್ಣೋ, ಗಂಡೋ?"

"ಹೆಣ್ಣು" ಎಂದರು ಇವರು. "ಸಣ್ಣ ಹೆಣ್ಣು ಕೂಸು. ತಲಿ ತುಂಬ ಕೂದಲಾ." ಇಷ್ಟು ಹೇಳಿದ ಮೇಲೆಯೇ ತಲೆಯೆತ್ತಿ ನನ್ನನ್ನು ನೋಡಿದ್ದು. "ಮಾತು ಬಂತೇನು?" ಎಂದರು. ಬಂತು ಎಂದೆ. ಇಬ್ಬರೂ ಅತ್ತೆವು. ಹದಿನೆಂಟು ವರ್ಷ ತಡವಾಗಿ, ಇಬ್ಬರೂ ಒಟ್ಟಿಗೆ.

ಆಮೇಲೆ ನನಗೆ ಹೊಳೆಯಿತು. ಅದೇ ಊರಿನ ಕೂಸು ಎಂದರೆ ಈಗ ಅವಳಿಗೆ ಹದಿನೆಂಟು. ನಾನು ಗಬ್ಬೂರಿಗೆ ಹೋಗಿ ಒಂಬತ್ತು ವರ್ಷವಾಯಿತು. ಬೇರೆ ಕಡೆಗೆ ಕಳಿಸಿರದಿದ್ದರೆ ಅವಳು ಎಂಟರಿಂದ ಹತ್ತರವರೆಗೆ ನನ್ನ ಕೈಯಲ್ಲೇ ಕಲಿತಿರಬೇಕು. ರೊಟ್ಟಿ ಆರಿಹೋಗುತ್ತಿದ್ದರೂ ಇಬ್ಬರೂ ಕೂತು ಆ ತಂಡದ ಹುಡುಗಿಯರ ಹೆಸರು ನೆನಪು ಮಾಡಿಕೊಂಡೆವು. ನಾನು ಹೆಸರು ಹೇಳುವುದು, ಇವರು "ಕೂದಲಾ ಹೆಂಗದಾವ?" ಎಂದು ಕೇಳುವುದು. ಯಾರೆಂದು ಗೊತ್ತಾಗಲಿಲ್ಲ, ಎಲ್ಲರಿಗೂ ಒಳ್ಳೆಯ ಕೂದಲೇ ಇತ್ತು. ನಮ್ಮ ತೊಟ್ಟಿಲಲ್ಲಿ ಬೆಳೆದವಳಿಗೆ ಗಣಿತದಲ್ಲಿ ಎಷ್ಟು ಅಂಕ ಬಂದಿದ್ದವೋ ಏನೋ. ಆ ವರ್ಷ ನನ್ನ ತರಗತಿಯಲ್ಲಿ ಯಾರೂ ಫೇಲಾಗಿರಲಿಲ್ಲ, ಅಷ್ಟು ಗೊತ್ತು.